ಹಳೆಯ ರಜಿಸ್ಟರ್ ನೋಡಿ ಮಾಡಿದ ಪಟ್ಟಿ

ಎಂಟೂ ಮುಕ್ಕಾಲಿಗೆ ಬರುತ್ತೇನೆ ಎಂದವರು ಎಂಟೂ ಮುಕ್ಕಾಲಿಗೆ ಬರಬೇಕು. ನಮ್ಮೂರ ಕನ್ನಡ ಶಾಲೆಗೆ ಹೊಸದಾಗಿ ಬಂದ ಮುಖ್ಯೋಪಾಧ್ಯಾಯಿನಿ ಮೊದಲ ಸಲ ನನ್ನ ಮನೆಗೆ ಬಂದದ್ದು ಒಂಬತ್ತು ಹೊಡೆದು ಎರಡು ನಿಮಿಷಕ್ಕೆ. ಅಷ್ಟರಲ್ಲಿ ನಾನು ಎರಡು ಸಲ ಬಾಗಿಲಿಗೆ ಹೋಗಿ ನೋಡಿ ಬಂದಿದ್ದೆ. ಚಹಾ ಒಮ್ಮೆ ಆರಿ, ಮತ್ತೊಮ್ಮೆ ಬಿಸಿಯಾಗಿ, ಮತ್ತೆ ಆರುತ್ತಿತ್ತು. ಬಂದವರು ತಡವಾದದ್ದಕ್ಕೆ ಒಂದು ಮಾತೂ ಹೇಳಲಿಲ್ಲ. ದಾರಿಯಲ್ಲಿ ಒಬ್ಬ ಮುದುಕಿ ಕೌದಿ ಹೊಲಿಯುತ್ತ ಕೂತಿದ್ದಳಂತೆ, ನೋಡುತ್ತ ನಿಂತರಂತೆ.

"ಏನ್ ಕೈರಿ ಸರ್ ಆಕೀದು," ಎಂದರು. "ಅಳತಿ ಇಲ್ಲ, ಗೀಟ ಇಲ್ಲ. ಹೊಲಿಗಿ ಮಾತ್ರ ಎಳದ ಇಟ್ಟಂಗ ಸರಳ."

"ಆಕಿ ಐವತ್ತ ವರ್ಷದಿಂದ ಅಲ್ಲೇ ಕುಂತ ಹೊಲ್ಯಾಕತ್ತಾಳ," ಎಂದೆ. "ಸಂಜಿಕ ನೋಡಿದ್ರೂ ನಡೀತಿತ್ತು."

ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ನಾನು ಇದೇ ಶಾಲೆಯಿಂದ ನಿವೃತ್ತನಾದವನು. ರಾಯಬಾಗ, ಕೊಕಟನೂರ, ಕಾಗವಾಡ ಸುತ್ತಿ, ಕೊನೆಯ ಇಪ್ಪತ್ತೆರಡು ವರ್ಷ ಇಲ್ಲಿದ್ದೆ. ಮೊದಲು ಸಹಶಿಕ್ಷಕ, ಆಮೇಲೆ ಹೆಡ್ ಮಾಸ್ತರ. ಹುಡುಗನಿದ್ದಾಗ ಅಥಣಿಯ ಒಂದು ಬೋರ್ಡಿಂಗಿನಲ್ಲಿ ಓದಿದೆ. ಅಲ್ಲಿ ಐದಕ್ಕೆ ಗಂಟೆ, ಐದೂ ಹತ್ತಕ್ಕೆ ತಣ್ಣೀರು, ಐದೂವರೆಗೆ ಪಾಠದ ಸಾಲು. ಆ ಗಂಟೆ ನನ್ನ ಮೈಯಲ್ಲಿ ಉಳಿದುಬಿಟ್ಟಿದೆ. ಈಗಲೂ ನಾಲ್ಕೂವರೆಗೆ ಏಳುತ್ತೇನೆ, ಆ ದಿನ ಮಾಡಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆಯುತ್ತೇನೆ, ಮಾಡಿದ್ದಕ್ಕೆ ಗೀಟು ಹಾಕುತ್ತೇನೆ. ನಮ್ಮ ಮನೆ ಶಾಲೆಯ ಹಿಂದಿನ ಗೋಡೆಗೆ ಹತ್ತಿಕೊಂಡಿದೆ. ಹಾಗಾಗಿ ಶಾಲೆಯ ಗಂಟೆ ಎಷ್ಟು ನಿಮಿಷ ತಡವಾಗಿ ಹೊಡೆಯಿತು ಎಂಬುದು ಊರಿನಲ್ಲಿ ಬೇರೆ ಯಾರಿಗೂ ಗೊತ್ತಾಗದಿದ್ದರೂ ನನಗೆ ಗೊತ್ತಾಗುತ್ತದೆ.

ಈ ಬಾಯಿ, ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಹಾಗೇ ಅನ್ನುವುದು, ಕಾಗವಾಡದ ಕಡೆಯವರು. ಮನೆಮಾತು ಮರಾಠಿ, ಕನ್ನಡ ನೀರು ಕುಡಿದಷ್ಟು ಸಲೀಸು. ಬಂದ ತಿಂಗಳಲ್ಲೇ ಪ್ರಾರ್ಥನೆಯನ್ನು ಕೆಡಿಸಿದರು. ಕೆಡಿಸಿದರು ಎಂದೇ ನನಗೆ ಆಗ ಅನಿಸಿದ್ದು. ದಿನಾ ಒಂದು ಮಗು ಮುಂದೆ ಬಂದು, ತನಗೆ ಗೊತ್ತಿದ್ದು ಟೀಚರಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕಂತೆ. ಕುರಿಯ ಹಲ್ಲು ನೋಡಿ ವಯಸ್ಸು ಹೇಳುವುದು ಹೇಗೆ ಎಂದು ಒಂದು ದಿನ. ಕರೆಂಟು ಸಣ್ಣದಾದಾಗ ಬಾವಿಯ ಮೋಟಾರು ಯಾಕೆ ಸುಡುತ್ತದೆ ಎಂದು ಮತ್ತೊಂದು ದಿನ ಒಂದು ಹೆಣ್ಣುಮಗು ಹೇಳಿತು. ಗೋಡೆಯ ಈಚೆ ನಾನು ಗಡಿಯಾರ ಹಿಡಿದು ನಿಂತಿದ್ದೆ. ಮೋಟಾರಿನ ದಿನ ಪ್ರಾರ್ಥನೆ ಒಂಬತ್ತು ನಿಮಿಷ ಹೆಚ್ಚಾಯಿತು. ಮಗು ಏನು ಹೇಳಿತು ಎಂಬುದಕ್ಕಿಂತ ಆ ಒಂಬತ್ತು ನಿಮಿಷವೇ ನನ್ನ ಲೆಕ್ಕದಲ್ಲಿ ಉಳಿಯಿತು.

ಮಧ್ಯಾಹ್ನದ ಊಟಕ್ಕೆ ಅವರೇ ಪಂಕ್ತಿಯಲ್ಲಿ ಕೂತರು. ಯಾವ ಮಗು ಅನ್ನ ಬಿಡುತ್ತದೆ, ಯಾವ ಮಗು ಸೋಮವಾರ ಮಾತ್ರ ಎರಡು ಸಲ ಹಾಕಿಸಿಕೊಳ್ಳುತ್ತದೆ ಎಂದು ನೋಡಿ, ಸಂಜೆ ಆ ಮನೆಗೇ ಹೋದರು. ಇತ್ತ ಮೇಲಿನ ಆಫೀಸಿನ ಸುತ್ತೋಲೆಗಳು ಅವರ ಟಿಫಿನ್ ಡಬ್ಬಿಯ ಕೆಳಗೆ ಎಣ್ಣೆ ಕುಡಿಯುತ್ತ ಬಿದ್ದಿರುತ್ತಿದ್ದವು. ಒಂದು ಕಾಗದ ಕೇಳಿದರೆ ಮೂರು ದಿನ ಹುಡುಕುವರು. ನನಗೆ ತಡೆಯಲಾಗದೆ ಪ್ರತಿ ಮಂಗಳವಾರ ಹೋಗಿ ಅವರ ಕಪಾಟು ಒಪ್ಪ ಮಾಡಿಕೊಡತೊಡಗಿದೆ. ಬುಧವಾರ ಮತ್ತೆ ಮೊದಲಿನಂತೆ.

ಆದರೆ ಒಂದು ಮಾತು ಒಪ್ಪಬೇಕು. ನನ್ನ ಕಾಲದಲ್ಲಿ ಪಾಲಕರ ಸಭೆಗೆ ಡಂಗುರ ಹೊಡೆಸಿದರೂ ಬರುತ್ತಿದ್ದವರು ಏಳು ಜನ, ಅದರಲ್ಲಿ ಇಬ್ಬರು ಚಹಾಕ್ಕೆ. ಇವರು ಯಾರನ್ನೂ ಕರೆಯದೆಯೇ ಜನ ಬರತೊಡಗಿದರು. ಒಬ್ಬ ನೀರಿನ ತೊಟ್ಟಿಯ ನಲ್ಲಿ ಸರಿಮಾಡಿ ಹೋದ. ಕುರಿಗಾರರ ಹಿರಿಯ ಮೇಕೆ ನುಗ್ಗುವ ಜಾಗಕ್ಕೆ ಮುಳ್ಳುಬೇಲಿ ಹಾಕಿಸಿದ. ಏಕೆ ಬಂದಿರಿ ಎಂದು ನಾನು ಅವನನ್ನು ಕೇಳಿದೆ. "ಅಕ್ಕೋರು ನಮ್ಮ ಹಟ್ಟಿಗೆ ಬಂದ, 'ನಿಮಗ ಏನ್ ಬರತೈತಿ' ಅಂತ ಕೇಳಿದ್ರು," ಎಂದ. "ಇಷ್ಟ ವರ್ಷ ಎಲ್ಲಾರೂ ನಮಗ ಏನ್ ಬರಂಗಿಲ್ಲ ಅನ್ನೂದನ್ನ ಹೇಳ್ಯಾರ ಮಾಸ್ತರ್ರ." ಆ ಎಲ್ಲರಲ್ಲಿ ನಾನೂ ಇದ್ದೆ ಎಂದು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅವತ್ತು ನನ್ನ ಮನೆಗೆ ಅವರು ತಡವಾಗಿ ಬಂದದ್ದು ಇಂಥದೇ ಒಂದು ಹೊಸ ಯೋಜನೆ ಹೇಳಲು. ಪ್ರತಿ ಶನಿವಾರ ಮುಂಜಾನೆಯ ಶಾಲೆಯಲ್ಲಿ ಕೊನೆಯ ಎರಡು ಪಿರಿಯಡ್ ಪುಸ್ತಕ ಬೇಡ. ಮಕ್ಕಳು ಊರಿನ ಕೈಕೆಲಸದವರ ಕಟ್ಟೆಗೆ ಹೋಗಿ ಕಲಿಯಬೇಕು. ಕೌದಿ ಮುದುಕಿ, ಕುರಿಗಾರ ಹಿರಿಯ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಮಿಸ್ತ್ರಿ, ತರಕಾರಿ ಸಸಿ ಬೆಳೆಸುವವರು, ಚಪ್ಪಲಿ ಮಾಡುವ ಅಜ್ಜ. ಹೀಗೆ ಐದು ಗುಂಪು.

"ಮಗು ಅಂದ್ರ ಬರೇ ತಲಿ ಅಲ್ಲರಿ ಸರ್," ಎಂದರು. "ಕೈ, ಹೊಟ್ಟಿ, ಅಂಜಿಕಿ, ಸಿಟ್ಟು, ಎಲ್ಲಾ ಕೂಡಿ ಸಾಲಿಗೆ ಬರತೈತಿ. ನಾವು ತಲಿ ಅಷ್ಟ ಒಳಗ ಕರಕೊಂಡು ಉಳದದ್ದನ್ನ ಹೊರಗ ನಿಲ್ಲಸ್ತೀವಿ. ಬಘಾ, ನೋಡ್ರಿ ಸರ್, ಒಂದ ಮಗು ತನಗ ಗೊತ್ತಿಲ್ಲದವರ ಮನಿ ಕಟ್ಟಿ ಮ್ಯಾಲ ಕುಂತು, ಗೊತ್ತಿಲ್ಲದ ಕೆಲಸ ಕಲತ್ರ..."

"ಎಷ್ಟಕ್ಕ ಹೋಗೂದು, ಎಷ್ಟಕ್ಕ ಬರೂದು?" ಎಂದು ಕೇಳಿದೆ.

"ಅದಕ್ಕ ನಿಮ್ಮ ಹಂತೇಕ ಬಂದೇನ್ರಿ. ಯಾವ ಮಗು ಎಲ್ಲಿ, ಎಷ್ಟಕ್ಕ, ಎಲ್ಲಾ ನೀವ ಜೋಡಸ್ರಿ. ನನಗ ಪಟ್ಟಿ ಮಾಡಾಕ ಬರಂಗಿಲ್ಲ."

ನಲವತ್ತು ವರ್ಷ ಪಟ್ಟಿ ಮಾಡಿದವನಿಗೆ ಈ ಮಾತು ಸಾಕು. ಅವರು ಹೇಳಿದ್ದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡೆ. 'ಗೊತ್ತಿಲ್ಲದವರ ಮನೆ' ಎಂಬುದನ್ನೂ ಬರೆದುಕೊಂಡೆ. ಆ ಪುಟ ಇನ್ನೂ ನನ್ನಲ್ಲಿದೆ. ತೆಗೆದು ನೋಡಿದಾಗೆಲ್ಲ ನನ್ನ ಮೇಲೆ ನನಗೇ ಬೇಸರ ಬರುತ್ತದೆ.

ಪಟ್ಟಿ ಮಾಡಲು ಕೂತಾಗ ನನಗೆ ಹೊಳೆದದ್ದು ಟ್ರೇನಿಂಗ್ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಸೂತ್ರ. ತಿಳಿದದ್ದರಿಂದ ತಿಳಿಯದುದರ ಕಡೆಗೆ ಹೋಗಬೇಕು. ಮಗುವಿಗೆ ಮನೆಯಲ್ಲಿ ಗೊತ್ತಿರುವ ಕಸಬಿನಿಂದಲೇ ಶುರು ಮಾಡಿದರೆ ಸಲಕರಣೆ ಮನೆಯಲ್ಲೇ ಇರುತ್ತದೆ, ನಡೆಯುವ ದಾರಿ ಕಡಿಮೆ, ಯಾರೂ ದಾರಿ ತಪ್ಪುವುದಿಲ್ಲ, ಹನ್ನೊಂದೂವರೆಯ ಗಂಟೆಗೆ ಎಲ್ಲರೂ ವಾಪಸು. ಇದಕ್ಕಿಂತ ಸುಸೂತ್ರವಾದ ವ್ಯವಸ್ಥೆ ಇಲ್ಲ ಎಂದುಕೊಂಡೆ. ಈಗಿನ ದಾಖಲೆ ಪುಸ್ತಕದಲ್ಲಿ ಪಾಲಕರ ಉದ್ಯೋಗದ ಕಾಲಂ ನೋಡಿದರೆ ಬರೀ ಕೂಲಿ, ನೌಕರಿ, ಒಕ್ಕಲುತನ ಎಂದು ಬರೆದಿತ್ತು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಹಾಗಾಗಿ ಕಪಾಟಿನ ಮೇಲಿನ ಹಳೆಯ ರಜಿಸ್ಟರ್ ತೆಗೆಸಿದೆ. ಈ ಮಕ್ಕಳ ಅಪ್ಪಂದಿರು ಶಾಲೆಗೆ ಸೇರಿದಾಗಿನದು. ಅಕ್ಷರ ಚೆನ್ನಾಗಿದೆ ಎಂದು ಆಗಿನ ಹೆಡ್ ಮಾಸ್ತರರು ನನ್ನ ಕೈಯಿಂದಲೇ ಬರೆಸುತ್ತಿದ್ದರು. ಅದರಲ್ಲಿ ಅಜ್ಜಂದಿರ ಕಸಬು ಒಂದೂ ಬಿಡದೆ ಇತ್ತು. ಎರಡು ದಿನ ಕೂತು ಒಂದೊಂದೇ ಹೆಸರು ಹೊಂದಿಸಿದೆ. ಕೆಂಪು ಮಸಿಯಲ್ಲಿ ಗೀಟು ಎಳೆದೆ.

ಬಾಯಿಯವರು ಆ ದಿನ ಚಿಕ್ಕೋಡಿಗೆ ಮೀಟಿಂಗಿಗೆ ಹೊರಟು ನಿಂತಿದ್ದರು. ಬಸ್ಸು ಬರುವ ಹೊತ್ತು. ಪಟ್ಟಿಯನ್ನು ಮಡಚಿದ್ದಂತೆಯೇ ಹಿಡಿದು ಕೆಳಗೆ ಸಹಿ ಹಾಕಿದರು.

"ಓದ್ರಿ ಒಮ್ಮೆ," ಎಂದೆ.

"ನೀವು ಬರದದ್ದನ್ನ ತಪಾಸಣಿ ಮಾಡೂವಷ್ಟ ದೊಡ್ಡಾಕಿ ಆಗಿಲ್ಲರಿ," ಎಂದು ಓಡಿದರು.

ಗೋಡೆಗೆ ಅಂಟಿಸಿದೆ. ಶನಿವಾರ ಎಲ್ಲ ಮಕ್ಕಳೂ ಹೋದರು, ಎಲ್ಲ ಮಕ್ಕಳೂ ಬಂದರು. ಹನ್ನೊಂದು ಇಪ್ಪತ್ತೈದಕ್ಕೆ ಮೈದಾನದಲ್ಲಿ ಸಾಲು ನಿಂತಿತ್ತು. ಅಷ್ಟು ಸರಿಯಾದ ಶನಿವಾರವನ್ನು ನಾನು ನಿವೃತ್ತನಾದ ಮೇಲೆ ನೋಡಿರಲಿಲ್ಲ. ಮಕ್ಕಳು ಯಾರೂ ಮಾತಾಡುತ್ತಿರಲಿಲ್ಲ. ಅದನ್ನು ನಾನು ಶಿಸ್ತು ಎಂದುಕೊಂಡೆ.

ಸೋಮವಾರ ಹತ್ತಕ್ಕೆ ಬಸ್ ಕಂಡಕ್ಟರ್ ಒಬ್ಬರು ಖಾಕಿ ಅಂಗಿಯಲ್ಲೇ ಶಾಲೆಗೆ ಬಂದರು. ನಾನು ಕಲಿಸಿದ ಹುಡುಗ. ಈಗ ಅವರ ಮಗಳು ಆರನೆಯ ಇಯತ್ತೆ. ಚಪ್ಪಲಿ ಮಾಡುವ ಅಜ್ಜನ ಮಗ ಇವರೇ. ಬಾಯಿಯವರು ಏಳನೆಯ ವರ್ಗದಲ್ಲಿದ್ದರು. ಶನಿವಾರದ ಲೆಕ್ಕ ಬರೆದಿಡಲು ಬಂದಿದ್ದ ನಾನೊಬ್ಬನೇ ಆಫೀಸಿನಲ್ಲಿದ್ದೆ.

ಕಂಡಕ್ಟರ್ ಮಡಚಿದ ಒಂದು ಅರ್ಜಿ ಮೇಜಿನ ಮೇಲಿಟ್ಟರು. "ಮಗಳ ಟಿಸಿ ಬೇಕಾಗಿತ್ರಿ ಸರ್. ಚಿಕ್ಕೋಡ್ಯಾಗ ಇಂಗ್ಲಿಷ್ ಸಾಲಿಗೆ ಹಚ್ಚತೀನಿ."

"ವರ್ಷದ ನಡುವ ಯಾಕೋ?" ಎಂದೆ. ಹಳೆಯ ಸಲಿಗೆಯಲ್ಲಿ ಏಕವಚನವೇ ಬಂತು.

"ಗ್ವಾಡಿ ಮ್ಯಾಲ ಬರದೀರೆಲ್ರಿ."

"ಏನ್ ಬರದೇನಿ?"

ಅವರು ನನ್ನನ್ನು ಹೊರಗೆ ಕರೆದೊಯ್ದು ಪಟ್ಟಿಯ ಮುಂದೆ ನಿಲ್ಲಿಸಿದರು. ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಕುರಿಗಾರರ ಮಕ್ಕಳು ಕುರಿಗೆ. ಒಕ್ಕಲಿಗರ ಮಕ್ಕಳು ಸಸಿಗೆ. ಅವರ ಓಣಿಯ ಮಕ್ಕಳು ಒಬ್ಬರೂ ಬಿಡದೆ ಚಪ್ಪಲಿಗೆ.

"ನನ್ನ ಮಗಳು ಶನಿವಾರ ಸಾಲಿಯಿಂದ ಸಾಲ ಹಿಡದ ನಡಕೋತ ನಮ್ಮ ಮನಿಗೇ ಬಂದ್ಲು," ಎಂದರು. "ಅವರಜ್ಜನ ಮುಂದ ಕುಂತ್ಲು. ನಮ್ಮಪ್ಪ ಕೇಳಿದ: 'ಏನವಾ, ಇದನ್ನ ನೋಡಾಕ ಸಾಲಿಗೆ ಹೋಗಿದ್ದೇನು? ಮನ್ಯಾಗ ಕುಂತಿದ್ರ ನಡೀತಿತ್ತಲ್ಲ.' ಆಕಿ ಅವತ್ತ ಊಟಾನೂ ಮಾಡಿಲ್ಲ."

ನಾನು ಸೂತ್ರ ಹೇಳಲು ಬಾಯಿ ತೆರೆದೆ. ತಿಳಿದದ್ದರಿಂದ ತಿಳಿಯದುದರ ಕಡೆಗೆ. ಅವರು ನಿಲ್ಲಿಸಿದರು.

"ನಾ ಏಳನೇತ್ತ ಇದ್ದಾಗ ನೀವು ಎಲ್ಲಾರ ಮುಂದ ನಿಲ್ಲಿಸಿ ಏನ್ ಹೇಳಿದ್ರಿ, ನೆನಪೈತೇನ್ರಿ? 'ಆರಿ ಬಿಡು, ಪೆನ್ನ ಹಿಡಿ' ಅಂದಿದ್ರಿ. ಬಿಟ್ಟೆ. ನಮ್ಮಪ್ಪ ಒಂಟಿ ಆದ, ಆದ್ರೂ ಬಿಟ್ಟೆ. ಈಗ ನೀವ, ನಿಮ್ಮ ಕೈಲೆ ಬರದ, ಅದನ್ನ ನನ್ನ ಮಗಳ ಕೈಯಾಗ ಕೊಟ್ಟೀರಿ. ಅರ್ಜಿ ತಗೋರಿ. ನಾಳಿ ನಮ್ಮ ಓಣಿಯವ್ರೂ ಬರ್ತಾರ."

ಆರಿ ಎಂದರೆ ಚರ್ಮಕ್ಕೆ ತೂತು ಹಾಕುವ ಮೊನೆ. ಅವರ ಮಾತು ಮುಗಿದ ಮೇಲೂ ನಾನು ಪಟ್ಟಿಯನ್ನೇ ನೋಡುತ್ತಿದ್ದೆ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಬಾಯಿಯವರು ಬಂದು ಅರ್ಜಿ ಓದಿದರು. ಆಮೇಲೆ ಹೊರಗೆ ಹೋಗಿ, ತಾವು ಸಹಿ ಮಾಡಿದ ಪಟ್ಟಿಯನ್ನು ಮೊದಲ ಸಲ ಓದಿದರು. ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೂ ಹೇಳಲು ನಾಲ್ಕು ಮಾತಿದ್ದವು: ನೀವು ಓದದೆ ಸಹಿ ಹಾಕಿದಿರಿ, ಕನಸು ಕಂಡವರೇ ಕಾಗದವನ್ನೂ ನೋಡಬೇಕು, ಇತ್ಯಾದಿ. ಅವರು ಬೈಯಲಿಲ್ಲ. ಕಂಡಕ್ಟರಿಗೆ, "ಬುಧವಾರ ಸಂಜಿಕ ಸಭಾ ಕರೀತೀನ್ರಿ. ಅಲ್ಲೀತನಾ ತಡೀರಿ. ಆಕಿ ಹೋದ್ರ ಸಾಲೀದ ಒಂದ ಬಾಗಲಾ ಮುಚ್ಚಿದಂಗ," ಎಂದರು. ಕಂಡಕ್ಟರ್ ಬಸ್ಸಿನ ಹೊತ್ತಾಯಿತೆಂದು ಹೊರಟರು. ಅರ್ಜಿ ಮೇಜಿನ ಮೇಲೆಯೇ ಉಳಿಯಿತು.

ಆ ಎರಡು ದಿನ ನನ್ನ ಚೀಟಿಯಲ್ಲಿ ಒಂದಕ್ಕೂ ಗೀಟು ಬೀಳಲಿಲ್ಲ. ಕಂಡಕ್ಟರರ ಓಣಿಯ ನೆನಪಾಗುತ್ತಿತ್ತು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಲು ನಾನು ಊರೆಲ್ಲ ತಿರುಗುತ್ತಿದ್ದೆ. ಎಲ್ಲರ ಮನೆಯ ಕಟ್ಟೆಯ ಮೇಲೂ ಕೂತಿದ್ದೇನೆ. ಆ ಓಣಿಗೆ ಬಂದಾಗ ಮಾತ್ರ ಓಣಿಯ ತುದಿಗೆ ನಿಂತು ಹೆಸರು ಓದುತ್ತಿದ್ದೆ, ಅವರೇ ಹೊರಗೆ ಬರುತ್ತಿದ್ದರು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಹೊತ್ತು ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಉಳಿದ ಓಣಿಗಳಲ್ಲಿ ಹೊತ್ತು ಉಳಿಸುವ ಯೋಚನೆ ಏಕೆ ಬರಲಿಲ್ಲವೋ.

ಬುಧವಾರ ಸಂಜೆ ಐದಕ್ಕೆ ಸಭೆ. ಐದೂ ಇಪ್ಪತ್ತಕ್ಕೆ ಶುರುವಾಯಿತು. ವರಾಂಡ ತುಂಬಿತ್ತು. ಮಕ್ಕಳೂ ಇದ್ದರು. ಕಂಡಕ್ಟರ್ ಕೂರಲಿಲ್ಲ, ಗೇಟಿನ ಹತ್ತಿರ ನಿಂತಿದ್ದರು. ಅವರ ಅಪ್ಪ, ಚಪ್ಪಲಿಯ ಅಜ್ಜ, ಮೆಟ್ಟಿಲ ಮೇಲೆ ಕೂತಿದ್ದ.

ಬಾಯಿಯವರು ಎದ್ದು, "ಪಟ್ಟಿ ಮ್ಯಾಲ ಸಹಿ ನಂದ ಐತಿ. ತಪ್ಪ ನಂದು," ಎಂದರು.

ನನಗೆ ಸಿಟ್ಟು ಬಂತು. ನಾನು ಮಾಡಿದ ತಪ್ಪನ್ನು ಬೇರೆಯವರು ಎತ್ತಿಕೊಂಡು ಹೋಗುವುದು ಎಂಥ ಪದ್ಧತಿ? ಎದ್ದು ನಿಂತು, "ಪಟ್ಟಿ ಬರದಾವ ನಾ," ಎಂದೆ.

"ಸರ್, ಕುಂದರ್ರಿ."

"ಕುಂದರಂಗಿಲ್ಲ. ನೀವು ಓದಿಲ್ಲ, ಅದ ನಿಮ್ಮ ತಪ್ಪ. ಬರದದ್ದ ನಂದು. ಎರಡೂ ಬ್ಯಾರೆ ಬ್ಯಾರೆ."

ಗೇಟಿನಿಂದ ಕಂಡಕ್ಟರ್ ಅಂದರು, "ತಪ್ಪ ಯಾರದರೆ ಇರ್ಲಿ, ಆಮ್ಯಾಲ ಹಂಚಕೋರಿ. ನನ್ನ ಮಗಳು ಈ ಶನಿವಾರ ಎಲ್ಲಿ ಹೋಗ್ತಾಳ, ಅದನ್ನ ಹೇಳ್ರಿ."

"ಆಕೀನ್ನ ಕೇಳೂಣು," ಎಂದು ಬಾಯಿಯವರು ಆ ಹುಡುಗಿಯನ್ನು ಮುಂದೆ ಕರೆದರು. ಅವಳು ಅಪ್ಪನ ಕಡೆ ಒಮ್ಮೆ, ಅಜ್ಜನ ಕಡೆ ಒಮ್ಮೆ ನೋಡಿದಳು. "ಮೋಟಾರ್ ಸುತ್ತೂದ ಕಲಿಯಾಕ," ಎಂದಳು. ಆ ದನಿ ನನಗೆ ಗುರುತಿತ್ತು. ಗೋಡೆಯ ಈಚೆಯಿಂದ ಒಂಬತ್ತು ನಿಮಿಷ ಕೇಳಿದ ದನಿ.

ಮಿಸ್ತ್ರಿ ತಲೆ ಕೆರೆದುಕೊಂಡ. "ನನ್ನ ಹಂತೇಕ ಹುಡಿಗೀನ್ರಿ? ಎಣ್ಣಿ ಆಗತೈತಿ, ಮಸಿ ಆಗತೈತಿ." ಆಮೇಲೆ ಅವಳ ಕೈಬೆರಳು ನೋಡಿ, "ಬೆಳ್ಳ ಸಣ್ಣು ಅದಾವ ಖರೆ. ನಮ್ಮ ಹುಡುಗೂರ ಬೆಳ್ಳ ತಂತಿ ಸಂದ್ಯಾಗ ಹೋಗಂಗಿಲ್ಲ. ಬರ್ಲಿ," ಎಂದ.

"ಹಂಗಾದ್ರ ಎಲ್ಲಾ ಮಕ್ಕಳೂ ಬ್ಯಾರೆ ಮನಿಗೆ," ಎಂದರು ಬಾಯಿಯವರು. "ತಮ್ಮ ಮನಿ ಕೆಲಸ ಯಾರಿಗೂ ಇಲ್ಲ."

ಅಲ್ಲಿಯವರೆಗೆ ಸುಮ್ಮನಿದ್ದ ಒಕ್ಕಲಿಗರ ಹಿರಿಯರೊಬ್ಬರು ಆಗ ಬಾಯಿ ತೆರೆದರು. "ಅಕ್ಕೋರ, ನಮ್ಮ ಹುಡುಗೂರಿಗೆ ಕುರಿ ಕಾಯೂದ ಕಲಸ್ರಿ, ಕೌದಿ ಹೊಲಸ್ರಿ, ಬ್ಯಾಡ ಅನ್ನಂಗಿಲ್ಲ. ಚರ್ಮ ಕೊಯ್ಯೂದ ಯಾಕ್ರಿ?"

"ಕಾಲಾಗ ಏನ್ ಹಾಕ್ಕೊಂಡ ಬಂದೀರಿ ಕಾಕಾ?"

ಅವರು ಮೆಟ್ಟಿಲ ಕೆಳಗೆ ಬಿಟ್ಟ ತಮ್ಮ ಚಪ್ಪಲಿ ನೋಡಿದರು. ಚಪ್ಪಲಿಯ ಅಜ್ಜನೂ ನೋಡಿದ. ಅವನೇ ಮಾಡಿದ್ದು. "ಅದ ಬ್ಯಾರೆರಿ," ಎಂದರು ಹಿರಿಯರು.

ಕುರಿಗಾರ ಹಿರಿಯ ಹಲ್ಲು ಬಿಟ್ಟ. "ಏನ್ ಬ್ಯಾರೆಪಾ? ನನ್ನ ಕುರಿ ಮೈಮ್ಯಾಲ ಇದ್ದಾಗ ಅದು ಚರ್ಮ ಅಲ್ಲೇನು? ಜಾತ್ರ್ಯಾಗ ತಬ್ಬಕೊಂಡ ಯಾಪಾರ ಮಾಡ್ತಿ."

ಹಿಂದೆ ಕೆಲವರು ನಕ್ಕರು. ಆದರೆ ನಕ್ಕವರೂ ತಮ್ಮ ಮಕ್ಕಳ ಹೆಸರು ಕೊಡಲಿಲ್ಲ. ಬಾಯಿಯವರು ಹೊಸ ಪಟ್ಟಿಯನ್ನು ಅಲ್ಲೇ ಬರೆಯತೊಡಗಿದರು, ಅಡ್ಡಾದಿಡ್ಡಿ ಅಕ್ಷರದಲ್ಲಿ. ಕುರಿ ತುಂಬಿತು, ಸಸಿ ತುಂಬಿತು, ಕೌದಿಗೆ ಗಂಡುಹುಡುಗರೂ ಸೇರಿದರು, ಮೋಟಾರಿಗೆ ಜಗಳವೇ ಆಯಿತು. ಐದನೆಯ ಕಾಲಂ ಖಾಲಿ ಉಳಿಯಿತು. ಚಪ್ಪಲಿಯ ಓಣಿಯವರು ಮಕ್ಕಳನ್ನು ಅಲ್ಲಿಗೆ ಕಳಿಸುವುದಿಲ್ಲ, ಕಳಿಸಲೂ ಬಾರದು. ಉಳಿದವರು ಒಲ್ಲರು.

ಅಜ್ಜ ಮೆಟ್ಟಿಲ ಮೇಲಿಂದಲೇ ಅಂದ, "ಅಕ್ಕೋರ, ನನ್ನ ಹಂತೇಕ ಯಾರೂ ಬರಂಗಿಲ್ಲಂದ್ರ ನನ್ನ ಹೆಸರ ಯಾಕ? ಅಳಸ್ರಿ. ನಾ ಏನ್ ಕೇಳಕೋತ ಬಂದಿದ್ದಿಲ್ಲ."

ಬಾಯಿಯವರ ಪೆನ್ನು ನಿಂತಿತು. ಆ ಹುಡುಗಿ ಅಜ್ಜನನ್ನೇ ನೋಡುತ್ತಿದ್ದಳು. ಅವಳ ಅಪ್ಪ ಗೇಟಿನ ಚಿಲಕಕ್ಕೆ ಕೈ ಹಾಕಿದ್ದರು. ಅಜ್ಜನ ಹೆಸರನ್ನು ಅಷ್ಟು ಜನರೆದುರು ಅಳಿಸಿದರೆ ಆ ಚಿಲಕ ತೆಗೆದು ಅವರು ಹೋಗುವುದು ಖಂಡಿತ. ಅರ್ಜಿಯಂತೂ ಒಳಗೆ ಮೇಜಿನ ಮೇಲಿತ್ತು.

ನಾನು ದೊಡ್ಡ ಮನಸ್ಸಿನಿಂದ ಮಾಡಿದೆ ಎಂದು ಯಾರೂ ತಿಳಿಯಬಾರದು. ಪಟ್ಟಿಯಲ್ಲಿ ಖಾಲಿ ಕಾಲಂ ನೋಡಿದರೆ ನನಗೆ ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ. "ಕಾಲಂ ಖಾಲಿ ಬಿಡಾಕ ಬರಂಗಿಲ್ಲರಿ," ಎಂದೆ. "ನನ್ನ ಹೆಸರ ಬರೀರಿ."

ಅಜ್ಜ ನನ್ನ ಕಡೆ ತಿರುಗಿ, ಬಹಳ ಸಾವಕಾಶವಾಗಿ ಕೇಳಿದ: "ಮಾಸ್ತರ್ರ, ನಮ್ಮ ಮನಿ ಗೊತ್ತೈತೇನ್ರಿ?"

ಮೂವತ್ತೈದು ವರ್ಷ ಅವನು ಮಾಡಿದ ಚಪ್ಪಲಿಯನ್ನೇ ಮೆಟ್ಟಿದ್ದೇನೆ. ಪಾದವನ್ನು ಕಾಗದದ ಮೇಲೆ ಇಟ್ಟು ನಾನೇ ಪೆನ್ಸಿಲಿನಿಂದ ಸುತ್ತ ಗೀಟು ಹಾಕಿ, ಅಳತೆ ಕಳಿಸುತ್ತಿದ್ದೆ.

ಶನಿವಾರ ಹತ್ತಕ್ಕೆ ಸರಿಯಾಗಿ ಹೋದೆ. ಮನೆ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಓಣಿಯ ಹೆಣ್ಣುಮಕ್ಕಳು ತಾವೇ ಬಾಗಿಲಿಗೆ ಬಂದು ನಿಂತು ದಾರಿ ತೋರಿಸಿದರು. ಅಜ್ಜ ಪಡಸಾಲೆಯಲ್ಲಿದ್ದ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಮೊಮ್ಮಗಳ ಶಾಲೆಯ ಫೋಟೋ. "ಒಳಗ ಬರ್ರಿ. ಮೊದಲ ನೀರ," ಎಂದ. ತಂಬಿಗೆ ಕೊಟ್ಟು, ನಾನು ಕುಡಿಯುವವರೆಗೆ ನನ್ನ ಗಂಟಲನ್ನೇ ನೋಡುತ್ತ ನಿಂತ. ಕುಡಿದೆ. ಆಮೇಲೆ ಕೆಲಸ.

ಕೆಲಸವೆಂದರೆ ತಲೆನೋವು. ಅಟ್ಟೆಗೆ, ಅಂದರೆ ಚಪ್ಪಲಿಯ ತಳಕ್ಕೆ, ಚರ್ಮವನ್ನು ನೀರಿನಲ್ಲಿ ನೆನೆಹಾಕಿದ್ದ.

"ಎಷ್ಟ ಹೊತ್ತ ನೆನೀಬೇಕು?" ಎಂದೆ.

"ನೆನಿಯೂತನಾ."

"ಅಂದ್ರ ಎಷ್ಟ ತಾಸು?"

"ನೆನದಾಗ ತಿಳಿತೈತ್ರಿ."

ನಾನು ಪೆನ್ಸಿಲ್ ತೆಗೆದೆ. "ಗೀಟ ಹಾಕಬ್ಯಾಡ್ರಿ," ಎಂದ. "ನಿಮ್ಮ ಗೀಟು ಒಮ್ಮೆ ಊರೆಲ್ಲಾ ಕೊಯ್ದೈತಿ. ಕಣ್ಣಿಲೆ ಕೊಯ್ರಿ." ಕಣ್ಣಿನಿಂದ ಕೊಯ್ದೆ. ಎಡಗಾಲಿನದು ಎಮ್ಮೆಯ ಗೊರಸಿನಂತೆ ಬಂತು. ಅಜ್ಜ ಅದನ್ನು ಎತ್ತಿ ಬೆಳಕಿಗೆ ಹಿಡಿದು, "ಇಂಥಾ ಕಾಲಿನ ಮನಶ್ಯಾ ಸಿಕ್ರ ಮಾರಬೌದು," ಎಂದ. ಅವತ್ತು ಆರಿ ಮೂರು ಸಲ ನನ್ನ ಹೆಬ್ಬೆರಳಿಗೆ ಚುಚ್ಚಿತು. ಇಡೀ ಜನ್ಮದಲ್ಲಿ ನಾನು ಯಾವ ವರ್ಗದಲ್ಲೂ ಕೊನೆಯ ನಂಬರು ಬಂದವನಲ್ಲ.

ಹನ್ನೊಂದರ ಸುಮಾರಿಗೆ ಕಂಡಕ್ಟರ್ ಮನೆಗೆ ಬಂದರು. ನಾನು ಗೋಣಿಚೀಲದ ಮೇಲೆ ಕಾಲು ಮಡಚಿ ಕೂತಿದ್ದನ್ನು ನೋಡಿ ಒಳಗೆ ಹೋದರು. ಚಹಾ ಬಂತು. ತಂದವರು ಅವರೇ.

"ಒಂದ ಸಲ ನೀರ ಕುಡದ್ರ ಎಲ್ಲಾ ಆತು ಅನ್ಕೋಬ್ಯಾಡ್ರಿ ಸರ್," ಎಂದರು.

"ಇಲ್ಲರಿ," ಎಂದೆ. ಆ ದಿನದಿಂದ ಅವರಿಗೆ ಬಹುವಚನವೇ ಬರುತ್ತದೆ.

"ಅರ್ಜಿ ಹಿಂದಕ ತಗೊಂಡಿಲ್ಲ ನಾ."

"ತಗೋರಿ ಅಂತ ನಾ ಅಂದಿಲ್ಲ."

ಎರಡನೆಯ ಶನಿವಾರ ಕುರಿಗಾರ ಹಿರಿಯ ತನ್ನ ಮೊಮ್ಮಗಳನ್ನು ನನ್ನ ಪಕ್ಕದಲ್ಲಿ ತಂದು ಕೂರಿಸಿದ. ಸಭೆಯಲ್ಲಿ ದೊಡ್ಡ ಮಾತಾಡಿದ್ದನಲ್ಲ, ಮನೆಯಲ್ಲಿ ಹೆಂಡತಿ ಹಿಡಿದು ಕೇಳಿದಳಂತೆ. ಆ ಮಗು ಮೊದಲ ದಿನವೇ ನನಗಿಂತ ಚೆನ್ನಾಗಿ ಕೊಯ್ದಿತು. ಮೂರನೆಯ ವಾರ ಒಕ್ಕಲಿಗರ ಮನೆಯಿಂದ ಇಬ್ಬರು ಬಂದರು. ಚರ್ಮ ಬೇರೆ ಎಂದ ಹಿರಿಯರ ಮನೆಯಿಂದ ಇವತ್ತಿನವರೆಗೂ ಯಾರೂ ಬಂದಿಲ್ಲ. ಎದುರು ಸಿಕ್ಕರೆ ಅವರು ನನ್ನ ಬೆರಳ ಗಾಯ ನೋಡಿ ಮಾತು ಬದಲಿಸುತ್ತಾರೆ.

ಆ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಕಂಡಕ್ಟರ್ ಎರಡು ಸಲ ಬಂದು ಕೇಳಿದರು. ಎರಡು ಸಲವೂ ಬಾಯಿಯವರು, "ಇಲ್ಲೇ ಇಟ್ಟಿದ್ದೆರಿ, ಹುಡಕಾಕತ್ತೀನಿ," ಎಂದರು. ನನಗೆ ಮೈ ಉರಿಯಿತು. ಕಳೆಯುವುದಾದರೆ ಸುತ್ತೋಲೆ ಕಳೆಯಲಿ. ಒಂದು ಮಗುವಿನ ಕಾಗದ ಕಳೆಯುವುದೆಂದರೆ ಏನು? ಮಂಗಳವಾರ ಕಪಾಟಿನ ಎಲ್ಲ ಖಾನೆ ಹೊರಗೆ ತೆಗೆದು ಒರೆಸಿ ಜೋಡಿಸಿದೆ. ಸಿಗಲಿಲ್ಲ. ಕೊನೆಗೆ ಹಳೆಯ ರಜಿಸ್ಟರನ್ನು ಮೇಲಿಡಲು ಎತ್ತಿದಾಗ ಅದರೊಳಗೆ ಸಿಕ್ಕಿತು. ಸರಿಯಾಗಿ, ಕಂಡಕ್ಟರ್ ಶಾಲೆಗೆ ಸೇರಿದ ವರ್ಷದ ಪುಟದಲ್ಲಿ. ನನ್ನ ಕೈಬರಹ, ಅವರ ಹೆಸರು, ಅದರ ಮುಂದೆ ಅವರ ಅಪ್ಪನ ಕಸಬು, ಅದರ ಮೇಲೆ ಮಡಚಿದ ಅರ್ಜಿ.

ಒಂದೂ ಕಾಗದವನ್ನು ಸರಿಯಾದ ಜಾಗದಲ್ಲಿ ಇಡಲು ಬಾರದ ಹೆಂಗಸು ಇದೊಂದನ್ನು ಅಲ್ಲಿ ಹೇಗೆ ಇಟ್ಟರು, ಬೇಕೆಂದೇ ಇಟ್ಟರೋ, ನಾನು ಕೇಳಿಲ್ಲ. ನಿಯಮದಂತೆ ನಾನು ಅದನ್ನು ತೆಗೆದು ಅವರ ಮೇಜಿನ ಮೇಲೆ ಇಡಬೇಕಿತ್ತು. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಿಂತೆ. ಆಮೇಲೆ ಇದ್ದ ಪುಟದಲ್ಲೇ ಇಟ್ಟು, ರಜಿಸ್ಟರ್ ಮುಚ್ಚಿ, ಕಪಾಟಿನ ಮೇಲೆ ಗೋಡೆಯವರೆಗೆ ನೂಕಿದೆ. ಆ ದಿನದ ಚೀಟಿಯಲ್ಲಿ 'ಅರ್ಜಿ ಹುಡುಕುವುದು' ಎಂಬುದಕ್ಕೆ ಗೀಟು ಹಾಕಲಿಲ್ಲ.

ಹೋದ ಶನಿವಾರ ಕಂಡಕ್ಟರ್ ಮೂರನೆಯ ಸಲ ಬಂದರು. ಹನ್ನೊಂದೂವರೆಗೆ ಇನ್ನೂ ಹತ್ತು ನಿಮಿಷ, ನಮ್ಮ ಚಪ್ಪಲಿಯ ಗುಂಪು ಆಗಲೇ ವಾಪಸಾಗಿತ್ತು. ಬಾಯಿಯವರ ಉತ್ತರ ಅದೇ. ಅವರು ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಒಂದು ಕಾಗದವೂ ಕಳೆದಿಲ್ಲ ಎಂಬುದು ನನ್ನ ಹತ್ತಿರ ಕಲಿತವರಿಗೆಲ್ಲ ಗೊತ್ತು.

"ನೀವೂ ಹುಡಿಕಿದ್ರೇನ್ರಿ ಸರ್?"

"ಹುಡಿಕಿದೆ," ಎಂದೆ. "ಸಿಕ್ಕಿಲ್ಲ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಕಪಾಟನ್ನೂ ನೋಡಿದರು. "ಸಿಗೂತನಾ ಇರ್ಲಿ," ಎಂದು ಟೋಪಿ ಹಾಕಿಕೊಂಡು ಹೊರಗೆ ಹೋದರು. ಬಸ್ಸಿನ ಹೊತ್ತಾಗಿತ್ತು, ಆದರೂ ಗೇಟಿನ ಹತ್ತಿರ ನಿಂತರು.

ಹನ್ನೊಂದೂವರೆಯಾಯಿತು, ಗಂಟೆ ಹೊಡೆಯಲಿಲ್ಲ. ಮೋಟಾರಿನ ಗುಂಪು ಇನ್ನೂ ಬಂದಿಲ್ಲ, ಬಂದ ಮೇಲೆ ಹೊಡೆಯೋಣ ಎಂದರು ಬಾಯಿಯವರು. ಇದಕ್ಕೆ ಏನು ಹೇಳಬೇಕು? ಗಂಟೆ ಮಕ್ಕಳಿಗಾಗಿ ಕಾಯುವುದಾದರೆ ಅದನ್ನು ಗಂಟೆ ಎಂದು ಏಕೆ ಕರೆಯಬೇಕು? ನಾನೂ ಹೊರಗೆ ಬಂದು, ಗಡಿಯಾರ ಹಿಡಿದು, ಕಂಡಕ್ಟರ್ ಪಕ್ಕದಲ್ಲಿ ನಿಂತೆ. ಹನ್ನೊಂದು ನಲವತ್ತೊಂದಕ್ಕೆ ಆ ಹುಡುಗಿ ಮೂಲೆಯಲ್ಲಿ ಕಂಡಳು. ಮೊಣಕೈತನಕ ಮಸಿ, ಕುತ್ತಿಗೆಯಲ್ಲಿ ತಾಮ್ರದ ತಂತಿಯ ಸುರುಳಿ.

"ಎಷ್ಟ ತಡಾ ಇದು?" ಎಂದೆ.

"ಸುತ್ತಿ ಮುಗೀಬೇಕಲ್ರಿ ಸರ್," ಎಂದು ಅವಳು ನಮ್ಮಿಬ್ಬರ ನಡುವೆ ದಾಟಿ ಒಳಗೆ ಹೋದಳು.